36 ಗಂಟೆಯಲ್ಲಿ ಆಪ್ ಆಯಿತು, ಆ ಕಡೆ ಫೋನ್ ಎತ್ತೋರು ಯಾರು?

ಹ್ಯಾಕಥಾನ್, ಅಂದರೆ ಗಡುವಿನೊಳಗೆ ಆಪ್ ಮಾಡಿ ತೋರಿಸುವ ಸ್ಪರ್ಧೆಯ ಸೀಸನ್ ಬಂತು ಅಂದರೆ ಪೇಪರಿನ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಖಾಯಂ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದೂವರೆ ದಿನ ನಿದ್ದೆಗೆಟ್ಟು ಕೂತು, ಮನೆಯಲ್ಲಿರುವ ರೋಗಿಯನ್ನು ಆಸ್ಪತ್ರೆಯಿಂದಲೇ ನೋಡಿಕೊಳ್ಳುವ ಆಪ್ ಮಾಡಿದರು, ಬಹುಮಾನ ಗೆದ್ದರು. ಇನ್ನೊಂದು ಕಡೆ ಬೇರೆಯೇ ಸುದ್ದಿ: ಜನರ ಮಾಹಿತಿ ಕಾಪಾಡಲು ಹೊಸ ನಿಯಮ ಬಂದಿದೆ, ತಪ್ಪಿದರೆ ಕೋಟಿಗಟ್ಟಲೆ ದಂಡ.

ಎರಡನ್ನೂ ಓದಿದವರಿಗೆ ಗೊಂದಲ ಆಗುವುದು ಸಹಜ. ಹುಡುಗರು 36 ಗಂಟೆಯಲ್ಲಿ ಮಾಡಿದ್ದನ್ನು ಸರ್ಕಾರ ಮತ್ತು ದೊಡ್ಡ ಆಸ್ಪತ್ರೆಗಳು ಯಾಕೆ ವರ್ಷಗಟ್ಟಲೆ ಎಳೆಯುತ್ತವೆ? ಗೆದ್ದ ಆಪ್‌ಗಳು ಆಮೇಲೆ ಎಲ್ಲಿಗೆ ಹೋಗುತ್ತವೆ? ದಾವಣಗೆರೆಯಲ್ಲಂತೂ ಈ ಪ್ರಶ್ನೆ ಇನ್ನೂ ಜೋರಾಗಿ ಏಳುತ್ತದೆ. ಒಂದೇ ಊರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಯುಬಿಡಿಟಿ ಮತ್ತು ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಿವೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆಯೂ ಇತ್ತು. ಡಾಕ್ಟರೂ ಇದ್ದಾರೆ, ಕೋಡ್ ಬರೆಯುವವರೂ ಇದ್ದಾರೆ. ಮತ್ತೇನು ಕಮ್ಮಿ?

ಕಮ್ಮಿ ಇರುವುದು ಸಮಯ ಅಂತ ಎಲ್ಲರೂ ಹೇಳುತ್ತಾರೆ. ಸಮಯಕ್ಕಿಂತ ಮುಂಚೆ ಕೇಳಬೇಕಾದ್ದು ಬೇರೆ ಇದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಎರಡು ಬೇರೆ ಕೆಲಸ, ಒಂದೇ ಹೆಸರು

ಸುದ್ದಿಗಳಲ್ಲಿ ಎರಡು ಬೇರೆ ಬೇರೆ ವಿಷಯ ಒಂದೇ ಹೆಸರಲ್ಲಿ ಬರುತ್ತವೆ. ಮೊದಲನೆಯದು, ಡಾಕ್ಟರ ಜೊತೆ ಫೋನಿನಲ್ಲೋ ವಿಡಿಯೋದಲ್ಲೋ ಮಾತಾಡುವುದು. ಕೇಂದ್ರ ಸರ್ಕಾರದ ಇ-ಸಂಜೀವನಿ ಮಾಡುತ್ತಿರುವುದು ಇದನ್ನೇ. ಮಾತು ಮುಗಿಯಿತು, ಚೀಟಿ ಬಂತು, ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.

ಎರಡನೆಯದು ಮನೆಯಲ್ಲಿರುವ ರೋಗಿಯ ಮೇಲೆ ದಿನಾ ಕಣ್ಣಿಡುವುದು. ಇದು ಮುಗಿಯುವ ಕೆಲಸವೇ ಅಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಗಳೂರು ತಾಲ್ಲೂಕಿನ ಹಳ್ಳಿಯ 65 ವರ್ಷದ ಅಜ್ಜ. ಹೃದಯದ ಶಕ್ತಿ ಕುಂದಿ ದಾವಣಗೆರೆಯಲ್ಲಿ ಒಂದು ವಾರ ಅಡ್ಮಿಟ್ ಆಗಿ ಡಿಸ್ಚಾರ್ಜ್ ಆಗಿದ್ದಾರೆ ಅಂದುಕೊಳ್ಳಿ. ಇಂಥವರಲ್ಲಿ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಉಸಿರು ಕಟ್ಟುವ ಮುಂಚೆಯೇ ತೂಕ ಏರುವುದುಂಟು. ಮೂರು ದಿನದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದರೆ ಡಾಕ್ಟರಿಗೆ ತಿಳಿಸಿ ಅಂತ ಹೇಳಿ ಕಳಿಸುತ್ತಾರೆ. ಆ ಹೊತ್ತಿಗೆ ನೀರು ಇಳಿಸುವ ಮಾತ್ರೆಯ ಪ್ರಮಾಣ ಬದಲಿಸಿದರೆ ಮತ್ತೆ ಅಡ್ಮಿಟ್ ಆಗುವುದು ತಪ್ಪಬಹುದು.

ಆಪ್‌ನ ಆಸೆ ಇಷ್ಟೇ. ಅಜ್ಜ ದಿನಾ ಬೆಳಿಗ್ಗೆ ತೂಕ ನೋಡಿ ನಂಬರ್ ಹಾಕಬೇಕು. ಏರಿದರೆ ಆಸ್ಪತ್ರೆಯ ಪರದೆ ಕೆಂಪಾಗಬೇಕು. ಈ ಎರಡು ಸ್ಕ್ರೀನ್ ಮಾಡಲು ನಿಜವಾಗಿಯೂ 36 ಗಂಟೆ ಸಾಕು, ಹುಡುಗರು ಸುಳ್ಳು ಹೇಳುತ್ತಿಲ್ಲ. ಆದರೆ ಪರದೆ ಕೆಂಪಾದ ಮೇಲೆ ನಡೆಯಬೇಕಾದ್ದು ಆ 36 ಗಂಟೆಯ ಲೆಕ್ಕದಲ್ಲಿ ಇಲ್ಲ.

ಬೇಗ ಆಗಲಿ ಅನ್ನುವವರ ಮಾತು

ಇವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ತುದಿ. ಅಲ್ಲಿನವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಬಳ್ಳಾರಿಯೇ ಹತ್ತಿರ. ಒಂದು ಚೆಕಪ್ ಅಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬರುವವರ ಕೂಲಿಯೂ ಹೋಯಿತು, ಬಸ್ ಚಾರ್ಜು ಬೇರೆ. ಹಾಗಾಗಿ ಎಷ್ಟೋ ಜನ ಎರಡನೇ ಚೆಕಪ್‌ಗೆ ಬರುವುದೇ ಇಲ್ಲ, ಮತ್ತೆ ಬರುವುದು ಆಂಬುಲೆನ್ಸ್‌ನಲ್ಲಿ. ಪರಿಪೂರ್ಣವಾದ ಆಪ್‌ಗಾಗಿ ಎರಡು ವರ್ಷ ಕಾದರೆ ಆ ಎರಡು ವರ್ಷ ಈ ಜನ ಏನು ಮಾಡಬೇಕು ಅನ್ನುವುದು ನ್ಯಾಯವಾದ ಪ್ರಶ್ನೆ.

ಕೋವಿಡ್ ಕಾಲವನ್ನೂ ಇವರು ನೆನಪಿಸುತ್ತಾರೆ. 2020ರ ಮಾರ್ಚ್ 25ಕ್ಕೆ ದೇಶದ ಟೆಲಿಮೆಡಿಸಿನ್ (ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿ ಬಂತು. ಏಪ್ರಿಲ್ 2ಕ್ಕೆ ಕೋವಿಡ್ ಸಂಪರ್ಕ ಪತ್ತೆ ಮಾಡುವ ಆರೋಗ್ಯ ಸೇತು ಆಪ್ ಬಂತು. ಏಪ್ರಿಲ್ 13ಕ್ಕೆ ಮನೆಯಿಂದಲೇ ಡಾಕ್ಟರ ಜೊತೆ ಮಾತಾಡುವ ಇ-ಸಂಜೀವನಿ ಓಪಿಡಿ ಶುರುವಾಯಿತು. ಲಾಕ್‌ಡೌನ್ ಆದ ಮೂರೇ ವಾರದಲ್ಲಿ! ಮನಸ್ಸು ಮಾಡಿದರೆ ಆಗುತ್ತದೆ ಅಲ್ವಾ ಅನ್ನುವುದು ಇವರ ವಾದ.

ಆಗುತ್ತದೆ. ಆದರೆ ಆ ಮೂರು ವಾರದ ಹಿಂದೆ ಏನಿತ್ತು ಅಂತಲೂ ನೋಡಬೇಕು. ಇ-ಸಂಜೀವನಿಯ ಇನ್ನೊಂದು ರೂಪ, ಅಂದರೆ ಹಳ್ಳಿಯ ಆರೋಗ್ಯ ಕೇಂದ್ರದಿಂದ ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ಸಂಪರ್ಕಿಸುವ ವ್ಯವಸ್ಥೆ, 2019ರ ನವೆಂಬರ್‌ನಲ್ಲೇ ಶುರುವಾಗಿತ್ತು. ಮಾಡಿದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ, ಮೊಹಾಲಿಯ ಸಿ-ಡ್ಯಾಕ್. ತಳಪಾಯ ಹಾಕಿ ಆಗಿತ್ತು, ಮೇಲೆ ಒಂದು ಕೋಣೆ ಕಟ್ಟಿದರು. ಜೊತೆಗೆ ಆ ಕಡೆ ಕೂರಲು ಸರ್ಕಾರಿ ಡಾಕ್ಟರುಗಳಿದ್ದರು. ಹ್ಯಾಕಥಾನ್ ತಂಡಕ್ಕೆ ಈ ಎರಡೂ ಇರುವುದಿಲ್ಲ.

ತಡೆಯಿರಿ ಅನ್ನುವವರ ಮಾತು

ಇವರ ಬಳಿ ಕಹಿ ಉದಾಹರಣೆಗಳಿವೆ. ಅಮೆರಿಕದಲ್ಲಿ ಆರೋಗ್ಯ ವಿಮೆ ಕೊಳ್ಳುವ ಸರ್ಕಾರಿ ವೆಬ್‌ಸೈಟನ್ನು 2013ರ ಅಕ್ಟೋಬರ್ 1ಕ್ಕೆ ತೆರೆಯಲೇಬೇಕು ಅಂತ ಗಡುವು ಹಾಕಿದ್ದರು. ಶುರುವಿಂದ ಕೊನೆಯವರೆಗೆ ಒಟ್ಟಿಗೆ ಪರೀಕ್ಷೆ ಮಾಡಲು ಸಮಯ ಉಳಿಯಲಿಲ್ಲ. ಮೊದಲ ದಿನ ಪೂರ್ತಿಯಾಗಿ ನೋಂದಣಿ ಆದವರು ಆರು ಜನ. ಇಡೀ ದೇಶದಲ್ಲಿ ಆರು.

ಅದು ವಿಮೆಯ ಮಾತಾಯಿತು. ರೋಗಿಗೇ ತಟ್ಟಿದ ಉದಾಹರಣೆ ಬ್ರಿಟನ್‌ನ ಬ್ಯಾಬಿಲಾನ್ ಆಪ್‌ನದು. 2020ರ ಜೂನ್‌ನಲ್ಲಿ, ಮಾತಿನ ನಡುವೆ ಆಡಿಯೋದಿಂದ ವಿಡಿಯೋಗೆ ಬದಲಾಯಿಸುವ ಒಂದು ಹೊಸ ಸೌಲಭ್ಯ ಸೇರಿಸಿದಾಗ ದೋಷ ನುಸುಳಿ, ಬೇರೆ ರೋಗಿಗಳು ಡಾಕ್ಟರ ಜೊತೆ ಮಾತಾಡಿದ ವಿಡಿಯೋಗಳು ಇನ್ನೊಬ್ಬರ ಫೋನಿನಲ್ಲಿ ಕಾಣಿಸಿದವು. ಕಂಪನಿ ತಪ್ಪನ್ನು ಒಪ್ಪಿ ಬೇಗ ಸರಿಪಡಿಸಿತು. ಆದರೆ ಒಬ್ಬ ರೋಗಿ ತನ್ನ ಮೈಯ ತೊಂದರೆ ಹೇಳಿಕೊಂಡಿದ್ದನ್ನು ಇನ್ಯಾರೋ ನೋಡಿದರೆ ಅದನ್ನು ವಾಪಸ್ ಪಡೆಯಲು ಆಗುವುದಿಲ್ಲ. ಊಟ ತರಿಸುವ ಆಪ್‌ನಲ್ಲಿ ತಪ್ಪಾದರೆ ದುಡ್ಡು ವಾಪಸ್ ಬರುತ್ತದೆ, ಇಲ್ಲಿ ಹಾಗಲ್ಲ.

ಇಷ್ಟಾದರೂ ಇವರ ವಾದದಲ್ಲಿ ಒಂದು ತೊಡಕಿದೆ. ಸಮಯ ಜಾಸ್ತಿ ಕೊಟ್ಟ ಮಾತ್ರಕ್ಕೆ ಆಪ್ ಸುರಕ್ಷಿತ ಆಗುವುದಿಲ್ಲ. ಎರಡು ವರ್ಷ ತೆಗೆದುಕೊಂಡು ಮಾಡಿದ ಆಪ್‌ನಲ್ಲೂ ಆ ಕಡೆ ಯಾರೂ ಇಲ್ಲದಿದ್ದರೆ ಅಜ್ಜನಿಗೆ ಏನೂ ಉಪಯೋಗವಿಲ್ಲ. ಇದಕ್ಕೆ ಹತ್ತಿರದ್ದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ.

ಎರಡು ಅಧ್ಯಯನ, ಎರಡು ಫಲಿತಾಂಶ

2010ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ನಮ್ಮ ಉದಾಹರಣೆಯ ಅಜ್ಜನಂಥವರೇ, ಹೃದಯದ ಶಕ್ತಿ ಕುಂದಿ ಇತ್ತೀಚೆಗೆ ಆಸ್ಪತ್ರೆಗೆ ಸೇರಿದ್ದ 1,653 ರೋಗಿಗಳು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಇನ್ನರ್ಧ ಜನ ದಿನಾ ಒಂದು ನಂಬರಿಗೆ ಫೋನ್ ಮಾಡಿ, ರೆಕಾರ್ಡ್ ಆದ ಧ್ವನಿ ಕೇಳುವ ಪ್ರಶ್ನೆಗಳಿಗೆ ಗುಂಡಿ ಒತ್ತಿ ತೂಕ ಮತ್ತು ತೊಂದರೆ ತಿಳಿಸಬೇಕು. ಆರು ತಿಂಗಳ ನಂತರ ಲೆಕ್ಕ ಹಾಕಿದರು. ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಫೋನ್ ಗುಂಪಿನಲ್ಲಿ ನೂರಕ್ಕೆ 52.3, ಮಾಮೂಲಿ ಗುಂಪಿನಲ್ಲಿ 51.5. ಏನೂ ವ್ಯತ್ಯಾಸವಿಲ್ಲ.

ಯಾಕೆ ಹೀಗಾಯಿತು? ಅದೇ ಅಧ್ಯಯನದಲ್ಲಿ ಒಂದು ಸುಳಿವಿದೆ. ಫೋನ್ ಗುಂಪಿನಲ್ಲಿ ನೂರಕ್ಕೆ 14 ಜನ ಒಮ್ಮೆಯೂ ಆ ವ್ಯವಸ್ಥೆ ಬಳಸಲೇ ಇಲ್ಲ. ಕೊನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ಸಲವಾದರೂ ಬಳಸುತ್ತಿದ್ದವರು ನೂರಕ್ಕೆ 55 ಮಾತ್ರ. ಯಂತ್ರ ಕೇಳುತ್ತಿತ್ತು, ಜನ ಸುಸ್ತಾಗಿ ಬಿಟ್ಟರು.

ಇನ್ನೊಂದು ಅಧ್ಯಯನ ಜರ್ಮನಿಯದು, 2018ರಲ್ಲಿ ಬಂದಿದ್ದು. 1,500ಕ್ಕೂ ಜಾಸ್ತಿ ರೋಗಿಗಳು, ಅದೇ ಕಾಯಿಲೆ. ಇಲ್ಲೂ ದಿನಾ ತೂಕ, ಬಿಪಿ, ಇಸಿಜಿ, ಆಕ್ಸಿಜನ್ ಮಟ್ಟ ಕಳಿಸಬೇಕು. ಒಂದು ದೊಡ್ಡ ವ್ಯತ್ಯಾಸ ಇತ್ತು: ಬರ್ಲಿನ್‌ನ ಆಸ್ಪತ್ರೆಯಲ್ಲಿ ಡಾಕ್ಟರುಗಳು ಮತ್ತು ಸಿಸ್ಟರುಗಳು ಹಗಲು ರಾತ್ರಿ, ವಾರದ ಏಳೂ ದಿನ ಕೂತು ಆ ಮಾಹಿತಿ ನೋಡುತ್ತಿದ್ದರು, ಏರುಪೇರು ಕಂಡರೆ ತಾವೇ ಫೋನ್ ಮಾಡುತ್ತಿದ್ದರು. ವರ್ಷದ ಲೆಕ್ಕದಲ್ಲಿ ಸಾವು ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ನೂರು ಜನಕ್ಕೆ 11.3 ಇದ್ದರೆ, ಈ ಗುಂಪಿನಲ್ಲಿ 7.9.

ಎರಡೂ ಅಧ್ಯಯನದ ಕಾಲ ಬೇರೆ, ದೇಶ ಬೇರೆ, ಆರಿಸಿದ ರೋಗಿಗಳೂ ಪೂರ್ತಿ ಒಂದೇ ಥರ ಅಲ್ಲ. ಹಾಗಾಗಿ ಇಡೀ ವ್ಯತ್ಯಾಸವನ್ನು ಒಂದೇ ಕಾರಣಕ್ಕೆ ಕಟ್ಟಬಾರದು. ಆದರೂ ಕಣ್ಣಿಗೆ ಹೊಡೆಯುವ ವಿಷಯ ಒಂದೇ, ಜರ್ಮನಿಯಲ್ಲಿ ಆ ಕಡೆ ಹಗಲು ರಾತ್ರಿ ಮನುಷ್ಯರು ಕೂತಿದ್ದರು. ನಮ್ಮಲ್ಲಿ ಆಪ್ ಬಗ್ಗೆ ನಡೆಯುವ ಚರ್ಚೆಯಲ್ಲಿ ತೀರಾ ಕಮ್ಮಿ ಜಾಗ ಸಿಗುತ್ತಿರುವುದು ಈ ವಿಷಯಕ್ಕೇ.

ಒಂದು ಕುರ್ಚಿಗೆ ಐದು ಜನ

ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬ ಸಿಸ್ಟರ್ ವಾರಕ್ಕೆ 48 ಗಂಟೆ ಕೆಲಸ ಮಾಡಿದರೂ ಒಂದು ಕುರ್ಚಿ ಖಾಲಿ ಬೀಳದ ಹಾಗೆ ನೋಡಿಕೊಳ್ಳಲು ಮೂರೂವರೆ ಜನ ಬೇಕು. ರಜೆ, ಹಬ್ಬ, ಹುಷಾರಿಲ್ಲದ ದಿನ ಎಲ್ಲ ಸೇರಿಸಿದರೆ ಐದು ಜನ. ಅವರು ಕೇಳಿದರೆ ಔಷಧಿ ಬದಲಿಸಲು ಒಪ್ಪಿಗೆ ಕೊಡುವ ಡಾಕ್ಟರು ಬೇರೆ. ಆಪ್ ಮಾಡುವ ಖರ್ಚು ದೊಡ್ಡದಾಗಿ ಬರುವುದು ಒಂದು ಸಲ. ಈ ಐದು ಜನರ ಸಂಬಳ ಪ್ರತಿ ತಿಂಗಳೂ ಬರುತ್ತದೆ.

ಸುಮಾರು ಆಪ್‌ಗಳು ಡೆಮೊ ಆದ ಮೇಲೆ ಕಾಣೆಯಾಗುವುದು ಇಲ್ಲೇ. ಬಹುಮಾನದ ಹಣದಲ್ಲಿ ಸರ್ವರ್ ಬಾಡಿಗೆ ಕಟ್ಟಬಹುದು, ರಾತ್ರಿ ಪಾಳಿಯ ಸಿಸ್ಟರ್‌ಗೆ ಸಂಬಳ ಕೊಡಲು ಆಗುವುದಿಲ್ಲ. ಹುಡುಗರು ಫೈನಲ್ ಇಯರ್ ಮುಗಿಸಿ ಬೆಂಗಳೂರಿಗೆ ಹೋಗುತ್ತಾರೆ. ತಪ್ಪು ಅವರದ್ದಲ್ಲ. ಅವರಿಗೆ ಕೊಟ್ಟ ಪ್ರಶ್ನೆಪತ್ರಿಕೆಯಲ್ಲೇ ಆ ಕುರ್ಚಿ ಇರಲಿಲ್ಲ.

ಇದರ ಜೊತೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಹೊಸ ಜನರನ್ನು ನೇಮಿಸಲು ದುಡ್ಡಿಲ್ಲ ಅಂದಾಗ ಆ ಕೆಲಸ ಸುಮ್ನೆ ಆಶಾ ಕಾರ್ಯಕರ್ತೆಯರ ಮೇಲೆ ಬೀಳುತ್ತದೆ. ಅವರು ಈಗಾಗಲೇ ಬಾಣಂತಿ, ಲಸಿಕೆ, ಸರ್ವೆ ಅಂತ ಓಡಾಡುತ್ತಿದ್ದಾರೆ. ಪ್ರೋತ್ಸಾಹಧನವನ್ನು ಮಾಡಿದ ಕೆಲಸ ನಮೂದಾಗುವ ಸರ್ಕಾರಿ ಪೋರ್ಟಲ್‌ಗೆ ಜೋಡಿಸಬೇಡಿ ಅಂತ ಬಹಳ ಕಾಲದಿಂದ ಕೇಳುತ್ತಿದ್ದಾರೆ. ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡುವ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು, ಅಲ್ಲೂ ಮನೆಮನೆ ತಿರುಗುವವರಲ್ಲಿ ಇವರೂ ಇದ್ದಾರೆ. ಇದರ ಮೇಲೆ ಇನ್ನೊಂದು ಆಪ್ ಹೊರಿಸಿದರೆ ನಂಬರ್ ತುಂಬುವ ಕೆಲಸ ಆಗುತ್ತದೆ, ರೋಗಿಯ ಮುಖ ನೋಡಲು ಸಮಯ ಉಳಿಯುವುದಿಲ್ಲ.

ನಂಬರ್ ಬರಲಿಲ್ಲ ಅಂದರೆ ಏನರ್ಥ?

ಈಗ ವಿನ್ಯಾಸದ ಮಾತಿಗೆ ಬರೋಣ. ಅವಸರದಲ್ಲಿ ಮಾಡಿದ ಆಪ್‌ನಲ್ಲಿ ತುಂಬ ಸುಲಭವಾಗಿ ಆಗುವ ಒಂದು ತಪ್ಪಿದೆ, ಅದು ಡೆಮೊದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ತೂಕ ಏರಿದರೆ ಅಲರ್ಟ್ ಬರಬೇಕು ಅಂತ ಕೋಡ್ ಬರೆಯುತ್ತಾರೆ. ತೂಕವೇ ಬರದಿದ್ದರೆ? ಕೋಡ್ ಸುಮ್ಮನಿರುತ್ತದೆ. ಆಸ್ಪತ್ರೆಯ ಪರದೆಯಲ್ಲಿ ಅಜ್ಜನ ಹೆಸರಿನ ಮುಂದೆ ಮೊನ್ನೆಯ ಹಸಿರು ಬಣ್ಣವೇ ಇರುತ್ತದೆ. ಅಜ್ಜ ನಂಬರ್ ಹಾಕದೆ ಇರುವುದಕ್ಕೆ ಕಾರಣ ಮರೆತದ್ದಿರಬಹುದು, ಕರೆನ್ಸಿ ಮುಗಿದದ್ದಿರಬಹುದು, ಎದ್ದು ತೂಕದ ಮಷಿನ್ ಮೇಲೆ ನಿಲ್ಲಲು ಆಗದಷ್ಟು ಸುಸ್ತಾಗಿದ್ದೂ ಇರಬಹುದು. ಹೀಗೆ ಸುಸ್ತಾದವರಿಗೆ ಸಹಾಯ ಎಲ್ಲರಿಗಿಂತ ಮೊದಲು ಬೇಕು, ಆಪ್‌ಗೆ ಕಾಣದೆ ಹೋಗುವುದೂ ಅವರೇ. ಎರಡು ದಿನ ನಂಬರ್ ಬರಲಿಲ್ಲ ಅಂದರೆ ಅದೇ ಒಂದು ಅಲರ್ಟ್ ಆಗಬೇಕು. ಸಮಯ ಎಷ್ಟೇ ಕಮ್ಮಿ ಇರಲಿ, ಈ ಒಂದು ನಿಯಮ ಮೊದಲ ದಿನವೇ ಬರೆಯಬೇಕು.

ಇದಕ್ಕೆ ಹತ್ತಿರದ್ದು ನೆಟ್‌ವರ್ಕ್ ಸಮಸ್ಯೆ. ಸಿಗ್ನಲ್ ಇಲ್ಲದಾಗ ಆಪ್ ನಂಬರನ್ನು ಫೋನಿನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ, ಸರಿ. ಆದರೆ ತೂಕ ನೋಡಿದ ಹೊತ್ತನ್ನು ಬಿಟ್ಟು ಸರ್ವರ್‌ಗೆ ತಲುಪಿದ ಹೊತ್ತನ್ನು ದಾಖಲಿಸಿದರೆ, ಮೊನ್ನೆಯ ಒಳ್ಳೆಯ ತೂಕ ಇವತ್ತಿನದು ಅಂತ ಕಾಣಿಸುತ್ತದೆ. ಸಿಸ್ಟರ್ ನೋಡಿ ಸಮಾಧಾನವಾಗಿ ಮುಂದಿನ ಹೆಸರಿಗೆ ಹೋಗುತ್ತಾರೆ.

ಬಂದ ನಂಬರೂ ಸರಿಯಿದೆ ಅಂತ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. 62 ಹಾಕುವಾಗ ಬೆರಳು ಜಾರಿ 620 ಆಗಬಹುದು, ಆಪ್ ಅಲ್ಲೇ ತಡೆದು ಮತ್ತೆ ಕೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಕಥೆ ಇನ್ನೂ ಸೂಕ್ಷ್ಮ. ರಕ್ತದಲ್ಲಿ ಆಕ್ಸಿಜನ್ ನಿಜವಾಗಿ ಕಮ್ಮಿ ಇದ್ದರೂ ಯಂತ್ರ ಸರಿಯಿದೆ ಅಂತ ತೋರಿಸುವ ತಪ್ಪು, ಅಮೆರಿಕದಲ್ಲಿ ಕಪ್ಪು ಜನಾಂಗದ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಕಂಡಿತು ಅಂತ 2020ರ ಡಿಸೆಂಬರ್‌ನಲ್ಲಿ ವರದಿಯಾಯಿತು. ಚರ್ಮದ ಬಣ್ಣ ದಟ್ಟವಿರುವ ನಮ್ಮ ಜನರಿಗೆ ಆಪ್ ಮಾಡುವಾಗ ಇದನ್ನು ಮರೆಯಬಾರದು. ನಂಬರ್ ಜೊತೆ "ನಿನ್ನೆಗಿಂತ ಉಸಿರಾಡಲು ಕಷ್ಟ ಆಗ್ತಿದೆಯಾ?" ಅನ್ನುವ ಒಂದು ಪ್ರಶ್ನೆ ಇರಬೇಕು.

ಫೋನ್ ಅಜ್ಜನದ್ದಲ್ಲ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಸ್ವಂತ ಮೊಬೈಲ್ ಇದ್ದ ಮಹಿಳೆಯರು ನೂರಕ್ಕೆ 54. ಅದು 15ರಿಂದ 49 ವಯಸ್ಸಿನವರ ಲೆಕ್ಕ. ವಯಸ್ಸಾದ ಅಜ್ಜಿಯರ ಮಾತು ಬಿಡಿ. ಸ್ಮಾರ್ಟ್‌ಫೋನ್ ಮಗನ ಹತ್ತಿರ ಇರುತ್ತದೆ, ಮಗ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿರುತ್ತಾನೆ. ಅಲರ್ಟ್ ಬಂದಾಗ ಫೋನ್ ಒಂದು ಊರಲ್ಲಿ, ರೋಗಿ ಇನ್ನೊಂದು ಊರಲ್ಲಿ. ಇನ್ನು ಮನೆಯವರಿಗೆ ಹೇಳಿಕೊಳ್ಳಲಾಗದ ತೊಂದರೆ ಆಗಿದ್ದರೆ ಆ ನೋಟಿಫಿಕೇಶನ್ ಮೊದಲು ಓದುವವನೂ ಮಗನೇ.

ಭಾಷೆಯೂ ಅಷ್ಟು ಸುಲಭವಿಲ್ಲ. ಕನ್ನಡ ಹಾಕಿದರೆ ಆಯಿತು ಅಂತ ಬೆಂಗಳೂರಿನಲ್ಲಿ ಕೂತವರಿಗೆ ಅನಿಸಬಹುದು. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ತಾಂಡಾಗಳಲ್ಲಿ ಲಂಬಾಣಿ, ಅದಕ್ಕೆ ಸ್ವಂತ ಲಿಪಿಯೇ ಇಲ್ಲ. ದಾವಣಗೆರೆ ಪೇಟೆಯಲ್ಲಿ ಉರ್ದು. ಹಾಗಾಗಿ ಅಕ್ಷರಕ್ಕಿಂತ ಧ್ವನಿ ಮುಖ್ಯ. ಅಲ್ಲೇ ಹುಟ್ಟಿ ಬೆಳೆದವರ ದನಿಯಲ್ಲಿ ಹತ್ತು ವಾಕ್ಯ ರೆಕಾರ್ಡ್ ಮಾಡಿಕೊಳ್ಳಲು ಒಂದು ಮಧ್ಯಾಹ್ನ ಸಾಕು, ಬಣ್ಣಬಣ್ಣದ ಗ್ರಾಫ್‌ಗೆ ಹಿಡಿಯುವಷ್ಟೂ ಸಮಯ ಬೇಡ.

ಮತ್ತೆ ಗಡಿಯ ವಿಷಯ. ಹರಪನಹಳ್ಳಿ 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿ ಜಿಲ್ಲೆಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಆದರೆ ಅಲ್ಲಿಂದ ದಾವಣಗೆರೆ ಈಗಲೂ ಹೊಸಪೇಟೆಗಿಂತ ಹತ್ತಿರ. ಆಪ್‌ನಲ್ಲಿ ಜಿಲ್ಲೆ ಆರಿಸಿದ ತಕ್ಷಣ ಆಸ್ಪತ್ರೆಯೂ ತಾನಾಗೇ ಆಯ್ಕೆ ಆಗುವ ಹಾಗೆ ಮಾಡಿದರೆ ಅಲ್ಲಿನ ರೋಗಿಯ ಅಲರ್ಟ್ ಅವರು ಯಾವತ್ತೂ ಕಾಲಿಡದ ಆಸ್ಪತ್ರೆಗೆ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ

2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಎರಡು ವಿಷಯದಲ್ಲಿ ಸ್ಪಷ್ಟವಾಗಿದೆ. ಔಷಧಿ ಬರೆಯುವವರು ನೋಂದಾಯಿತ ಡಾಕ್ಟರೇ ಆಗಿರಬೇಕು. ಕೃತಕ ಬುದ್ಧಿಮತ್ತೆ ಡಾಕ್ಟರಿಗೆ ನೆರವಾಗಬಹುದು, ಆದರೆ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ಈಗ ಸುಲಭವಾಗಿ ಸಿಗುವ ಚಾಟ್‌ಬಾಟ್ ಒಂದನ್ನು ಅಂಟಿಸಿ "ಎಐ ಡಾಕ್ಟರ್" ಅಂತ ತೋರಿಸುವವರು ಇದನ್ನು ಮೊದಲು ಓದಬೇಕು. ಅದೇ 2020ರ ಏಪ್ರಿಲ್‌ನಿಂದ ರೋಗ ಪತ್ತೆಗೆ, ನಿಗಾಕ್ಕೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಉಪಕರಣದ ವ್ಯಾಖ್ಯೆಯ ಒಳಗೆ ಬಂದಿದೆ.

ಇನ್ನು ಗೊಂದಲ ಜಾಸ್ತಿ ಇರುವುದು ಮಾಹಿತಿ ರಕ್ಷಣೆಯಲ್ಲಿ. ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 2023ರದ್ದು. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ದಂಡ 250 ಕೋಟಿ ರೂಪಾಯಿಯವರೆಗೆ. ಕಾಲಾವಕಾಶ ಇದೆಯಲ್ಲ, ಆಮೇಲೆ ನೋಡೋಣ ಅನ್ನುವವರಿದ್ದಾರೆ. ಅದು ಸರಿಯಲ್ಲ. ಐಟಿ ಕಾಯ್ದೆಯ ಕೆಳಗಿನ 2011ರ ನಿಯಮಗಳಲ್ಲೇ ವೈದ್ಯಕೀಯ ದಾಖಲೆ ಸೂಕ್ಷ್ಮ ಮಾಹಿತಿ ಅಂತ ಇದೆ. ಅದೂ ಅಲ್ಲದೆ ಒಪ್ಪಿಗೆ ಕೇಳುವ ಸ್ಕ್ರೀನನ್ನು ಆಮೇಲೆ ಸೇರಿಸಬಹುದು, ಬೇಡದೆ ಇದ್ದರೂ ಒಟ್ಟುಹಾಕಿದ ಆಧಾರ್ ಪ್ರತಿ, ಫೋಟೋ, ಲೊಕೇಶನ್ ಸೋರಿಹೋದರೆ ಏನೂ ಮಾಡಲು ಆಗುವುದಿಲ್ಲ. ಕೇಳದೆ ಇರುವುದೇ ಎಲ್ಲಕ್ಕಿಂತ ಅಗ್ಗದ ರಕ್ಷಣೆ, ಸಮಯವೂ ಉಳಿಯುತ್ತದೆ.

ಗಡುವು ಇದ್ದಾಗ ಏನು ಬಿಡಬೇಕು

ಹೀಗೆ ನೋಡಿದರೆ ಬೇಗ ಮತ್ತು ನಿಧಾನ ಅನ್ನುವ ಜಗಳವೇ ದಾರಿ ತಪ್ಪಿದೆ. ಗಡುವು ಕಮ್ಮಿ ಇದ್ದರೆ ಏನನ್ನೋ ಬಿಡಲೇಬೇಕು. ಬಿಡುವುದು ಏನನ್ನು ಅನ್ನುವುದರಲ್ಲಿ ರೋಗಿಯ ಕ್ಷೇಮ ಇದೆ.

ಡೆಮೊದಲ್ಲಿ ಚಪ್ಪಾಳೆ ತರುವುದೆಲ್ಲ ಬಿಡಬಹುದು. ಗ್ರಾಫ್ ಬೇಡ, ಚಾಟ್‌ಬಾಟ್ ಬೇಡ, ಹತ್ತು ಕಾಯಿಲೆ ಬೇಡ. ಒಂದೇ ಕಾಯಿಲೆ, ಒಂದೇ ನಂಬರ್, ಒಂದೇ ಆಸ್ಪತ್ರೆಯ ಒಂದು ವಾರ್ಡಿನಿಂದ ಡಿಸ್ಚಾರ್ಜ್ ಆದ 20 ಜನ ಸಾಕು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಗುಂಡಿ ಒತ್ತುವ ಫೋನ್ ಕರೆ. ಅದೂ ಆಗದಿದ್ದರೆ ಸಿಸ್ಟರ್ ತಾವೇ ಫೋನ್ ಮಾಡಿ ಕೇಳುವುದು. ಮೊದಲ ತಿಂಗಳು ಆಪ್ ಇಲ್ಲದೆ ಒಂದು ರಿಜಿಸ್ಟರ್ ಪುಸ್ತಕ ಇಟ್ಟುಕೊಂಡು ಇದನ್ನೇ ನಡೆಸಿ ನೋಡಿದರೆ ಇನ್ನೂ ಒಳ್ಳೆಯದು. ಯಾರು ಫೋನ್ ಎತ್ತುವುದಿಲ್ಲ, ಯಾವ ಹೊತ್ತಿಗೆ ಎತ್ತುತ್ತಾರೆ, ಡಾಕ್ಟರ ಒಪ್ಪಿಗೆ ಸಿಗಲು ಎಷ್ಟು ಹೊತ್ತಾಗುತ್ತದೆ ಅನ್ನುವುದೆಲ್ಲ ಅದರಲ್ಲೇ ಗೊತ್ತಾಗುತ್ತದೆ. ಆಮೇಲೆ ಬರೆಯುವ ಕೋಡ್ ಚಿಕ್ಕದಾಗುತ್ತದೆ.

ಬಿಡಬಾರದ್ದು ಅಲರ್ಟ್ ಬಂದ ಮೇಲಿನ ಸರಪಳಿ. ಮೊದಲು ಯಾರಿಗೆ ಹೋಗುತ್ತದೆ, ಅವರು 15 ನಿಮಿಷದಲ್ಲಿ ನೋಡದಿದ್ದರೆ ಮುಂದೆ ಯಾರಿಗೆ, ನೋಡಿದವರು ಏನು ಮಾಡಿದರು ಅನ್ನುವುದು ಎಲ್ಲಿ ದಾಖಲಾಗುತ್ತದೆ. ಅಲರ್ಟ್ ಸಂಖ್ಯೆಯೂ ಹತೋಟಿಯಲ್ಲಿರಬೇಕು. ಸಣ್ಣಪುಟ್ಟದಕ್ಕೆಲ್ಲ ಬಡಿದುಕೊಂಡರೆ ಸಿಸ್ಟರ್ ವಾರದೊಳಗೆ ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ, ಅದು ಮನುಷ್ಯ ಸಹಜ.

ರಾತ್ರಿ ಕೂರಲು ಜನ ಇಲ್ಲವೇ? ಹಾಗಂತಲೇ ಹೇಳಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಈ ಸೇವೆ, ಆಮೇಲೆ ಉಸಿರು ಕಟ್ಟಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಅಂತ ಅಜ್ಜನಿಗೂ ಮನೆಯವರಿಗೂ ಡಿಸ್ಚಾರ್ಜ್ ದಿನವೇ ತಿಳಿಸಬೇಕು, ಆಪ್‌ನ ಮೊದಲ ಸ್ಕ್ರೀನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು, ಧ್ವನಿಯಲ್ಲೂ ಹೇಳಿಸಬೇಕು. ಹೇಳದೆ ಹೋದರೆ ಅಜ್ಜ ರಾತ್ರಿ ಹತ್ತಕ್ಕೆ ತೊಂದರೆ ನಮೂದಿಸಿ, ಆಸ್ಪತ್ರೆಯವರು ನೋಡುತ್ತಿದ್ದಾರೆ ಅಂತ ನಂಬಿ ಬೆಳಗಿನವರೆಗೆ ಕಾಯುತ್ತಾರೆ. ಆಪ್ ಇಲ್ಲದಿದ್ದರೆ ಅವರು ಆಗಲೇ ಪಕ್ಕದ ಮನೆಯವರನ್ನು ಎಬ್ಬಿಸಿ ಗಾಡಿ ಹತ್ತಿರುತ್ತಿದ್ದರು.